ಬೇಡ ಎನ್ನದ ರಾತ್ರಿ

ಗುಡ್ನಾಪುರಕ್ಕೆ ಸೊಸೆಯಾಗಿ ಬಂದಾಗ ನನಗೆ ಈಜು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ಊರಿನ ಬೆನ್ನಿಗೇ ಅಷ್ಟು ದೊಡ್ಡ ಕೆರೆ ಇಟ್ಟುಕೊಂಡು ಮೂವತ್ತೈದು ವರ್ಷ ದಡದ ಮೇಲೇ ಕಳೆದವಳು ನಾನು. ಮಳೆಗಾಲದಲ್ಲಿ ಆಚೆ ದಡ ಕಾಣದಷ್ಟು ಮಂಜು ಮುಸುಕಿದಾಗ ಕೆರೆ ಹೋಗಿ ಸಮುದ್ರವೇ ಆಗುತ್ತದೆ. ಗಾಳಿ ಬೀಸಿದರೆ ಸಣ್ಣ ತೆರೆಗಳೂ ಏಳುತ್ತವೆ. ಈ ಊರಿನಲ್ಲಿ ಕದಂಬರ ರವಿವರ್ಮನ ಕಾಲದ ಶಾಸನದ ಕಂಬವೊಂದಿದೆ. ಮನ್ಮಥನಿಗೆ ಗುಡಿ ಕಟ್ಟಿಸಿದ ಸುದ್ದಿ ಅದರಲ್ಲಿ ಇದೆಯೆಂದು ತಿಳಿದವರು ಹೇಳುತ್ತಾರೆ. ಬನವಾಸಿಯ ಆ ಕದಂಬರ ಹೆಸರನ್ನೇ 2005ರಲ್ಲಿ ಕಾರವಾರದ ನೌಕಾನೆಲೆಗೆ ಇಟ್ಟರು, ‘ಐಎನ್‌ಎಸ್ ಕದಂಬ’ ಎಂದು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ನಗೆಯೋ ನಗೆ. ನಮ್ಮ ಕೆರೆಯ ರಾಜರು ಕೊನೆಗೂ ಘಟ್ಟ ಇಳಿದು ಹಡಗು ಹತ್ತಿದರು ಎಂದು ನಮ್ಮವರು ತಮಾಷೆ ಮಾಡಿದ್ದರು. ಆಗಿನ ದಿನಗಳಲ್ಲಿ ಅವರು ನಕ್ಕದ್ದು ಕಡಿಮೆ. ಅದಕ್ಕೇ ಆ ನಗೆ ನೆನಪಿನಲ್ಲಿ ಉಳಿದಿದೆ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಬರೆಯಹೊರಟಿರುವುದು ಒಂದು ಸಮುದ್ರದ ಸಿನಿಮಾದ ಬಗ್ಗೆ. ಈಜು ಬಾರದ ಹೆಂಗಸಿಗೆ ಸಮುದ್ರದ ಸಿನಿಮಾದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನೋಡುವ ಮೊದಲು ನಾನೂ ಅದನ್ನೇ ಕೇಳಿದ್ದೆ.

ಒಂದು ಆಷಾಢದಲ್ಲಿ ಮಗಳು ಬೆಂಗಳೂರಿನಿಂದ ಬಂದಿದ್ದಳು. ಮೂರು ದಿನದಿಂದ ಬಿಡದ ಮಳೆ. ಕರೆಂಟು ಬರುವುದು, ಹೋಗುವುದು. ಟಿ.ವಿ. ಸತ್ತುಬಿದ್ದಿತ್ತು. ಅವಳು ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, “ಆಯಿ, ಇದನ್ನ ನೀ ನೋಡ್ಲೇಬೇಕು” ಎಂದಳು. ‘ದಿ ಮರ್ಸಿ’ ಎಂದು ಹೆಸರು. 2018ರಲ್ಲಿ ತೆರೆಕಂಡ ಇಂಗ್ಲಿಷ್ ಚಿತ್ರ. ಜೇಮ್ಸ್ ಮಾರ್ಷ್ ಎಂಬವರ ನಿರ್ದೇಶನ, ಕಾಲಿನ್ ಫರ್ತ್ ನಾಯಕ, ರೇಚಲ್ ವೈಸ್ ಅವನ ಹೆಂಡತಿ. ಅತ್ತೆ ಪಕ್ಕದಲ್ಲಿ ಕುಳಿತು ಹತ್ತಿಬತ್ತಿ ಹೊಸೆಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಕಣ್ಣೂ ಮಂಜು. ಆದರೆ ಕಥೆ ಬೇಕು. ಮಗಳು ಹೇಳುತ್ತ ಹೋದಳು, ಅಜ್ಜಿ ಕೇಳುತ್ತ ಹೋದರು. ನಮ್ಮವರು ಜಗಲಿಯಲ್ಲಿ ಹಳೆ ಪೇಪರು ಹಿಡಿದು ಕುಳಿತಿದ್ದರು. ಕಿವಿ ಮಾತ್ರ ಒಳಗಿತ್ತು ಎಂದು ಆಮೇಲೆ ಗೊತ್ತಾಯಿತು.

ಕಥೆ ನಡೆದದ್ದೇ, ಕಟ್ಟಿದ್ದಲ್ಲ. 1968ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಒಂದು ಪಂದ್ಯ ಸಾರಿತು. ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ನೆರವೂ ಪಡೆಯದೆ ಭೂಮಿಯನ್ನು ಒಂದು ಸುತ್ತು ಸುತ್ತಿ ಬರಬೇಕು. ಅಕ್ಟೋಬರ್ 31ರ ಒಳಗೆ ಹೊರಡಬೇಕು. ಮೊದಲು ಬಂದವರಿಗೆ ಚಿನ್ನದ ಗೋಳ, ಅತಿ ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ 5,000 ಪೌಂಡ್. ಹೊರಟವರು ಒಂಬತ್ತು ಮಂದಿ. ಅವರಲ್ಲಿ ಒಬ್ಬ ಡೊನಾಲ್ಡ್ ಕ್ರೌಹರ್ಸ್ಟ್. 36 ವರ್ಷ, ನಾಲ್ಕು ಮಕ್ಕಳ ತಂದೆ. ದೋಣಿಗಳಿಗೆ ದಿಕ್ಕು ಹೇಳುವ ಸಣ್ಣ ಯಂತ್ರ ಮಾಡಿ ಮಾರುವ ವ್ಯಾಪಾರ, ಅದೂ ಕುಂಟುತ್ತಿತ್ತು. ರಜಾದಿನಗಳಲ್ಲಿ ದೋಣಿ ನಡೆಸಿ ಗೊತ್ತಿತ್ತೇ ಹೊರತು ಮಹಾಸಾಗರದ ಅನುಭವ ಇರಲಿಲ್ಲ. ಕ್ಯಾರವಾನ್ ಮಾರುವ ಒಬ್ಬ ಸಾಹುಕಾರ ಹಣ ಹಾಕಿದ. ಕರಾರು ಏನೆಂದರೆ, ಪಂದ್ಯ ಕೈಕೊಟ್ಟರೆ ದೋಣಿಯ ಹಣವನ್ನು ಕ್ರೌಹರ್ಸ್ಟ್‌ನ ಕಂಪನಿಯೇ ತುಂಬಿಕೊಡಬೇಕು. ಮನೆಯೂ ಅಡವಿಗೆ ಹೋಯಿತು.

ಇಲ್ಲಿಗೆ ಬರುವಾಗ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಜಗಲಿಯಲ್ಲಿ ಪೇಪರಿನ ಸದ್ದೂ ನಿಂತಿತು.

ಮೂರು ಒಡಲಿನ, ನಲವತ್ತು ಅಡಿಯ ದೋಣಿ ತರಾತುರಿಯಲ್ಲಿ ತಯಾರಾಯಿತು. ನೀರಿಗಿಳಿಸುವ ದಿನ ಹೆಂಡತಿ ಕ್ಲೇರ್ ಷಾಂಪೇನ್ ಬಾಟಲಿಯನ್ನು ಬಡಿದರೆ ಅದು ಒಡೆಯಲಿಲ್ಲವಂತೆ. ಒಡೆಸಿದ ಕಾಯಿ ಸರಿಯಾಗಿ ಹೋಳಾಗದಿದ್ದರೆ ನಮ್ಮಲ್ಲಿ ಹೆಂಗಸರ ಮುಖ ಹೇಗೆ ಕಪ್ಪಿಡುತ್ತದೆ, ನೀವೇ ಬಲ್ಲಿರಿ. ಕಡೆಯ ದಿನವಾದ ಅಕ್ಟೋಬರ್ 31ರಂದೇ ಆತ ಟೀನ್‌ಮತ್ ಎಂಬ ಊರಿನಿಂದ ಹೊರಟ. ಎಷ್ಟೋ ಬಿಡಿಭಾಗಗಳು ದಡದಲ್ಲೇ ಉಳಿದವು. ಕೆಲವೇ ದಿನಗಳಲ್ಲಿ ಪಕ್ಕದ ಒಡಲುಗಳಿಗೆ ನೀರು ಒಸರತೊಡಗಿತು. ನೀರು ಹೊರಹಾಕುವ ಪಂಪಿನ ಕೊಳವೆಯೂ ಊರಿನಲ್ಲೇ ಉಳಿದಿತ್ತು. ಬಕೆಟ್ಟಿನಲ್ಲಿ ಮೊಗೆದು ಚೆಲ್ಲಬೇಕು. ದಕ್ಷಿಣ ಸಮುದ್ರದ ಬೆಟ್ಟದಂಥ ಅಲೆಗಳಿಗೆ ಹೋದರೆ ದೋಣಿ ಮುಳುಗುವುದು ಖಂಡಿತ. ಮರಳಿದರೆ ಮನೆ, ವ್ಯಾಪಾರ ಎರಡೂ ಮುಳುಗುತ್ತವೆ.

ಡಿಸೆಂಬರಿನಲ್ಲಿ ಆತ ಮೂರನೆಯ ದಾರಿ ಹಿಡಿದ. ದೋಣಿ ಅಟ್ಲಾಂಟಿಕ್‌ನಲ್ಲೇ ಅಡ್ಡಾಡುತ್ತಿತ್ತು. ರೇಡಿಯೋದಲ್ಲಿ ಮಾತ್ರ ದಿನಕ್ಕೆ 243 ಮೈಲಿ ಓಡಿದೆ ಎಂಬ ದಾಖಲೆಯ ಸುದ್ದಿ. ಪತ್ರಿಕೆಗಳು ಕುಣಿದಾಡಿದವು. ಜನವರಿಯಿಂದ ಏಪ್ರಿಲ್‌ವರೆಗೆ ರೇಡಿಯೋ ಪೂರ್ತಿ ಮೌನ. ಆ ನಡುವೆ ನಿಯಮ ಮುರಿದು ಅರ್ಜೆಂಟೀನಾದ ಒಂದು ಸಣ್ಣ ರೇವಿಗೆ ಹೋಗಿ ದೋಣಿಯನ್ನು ರಿಪೇರಿ ಮಾಡಿಕೊಂಡ. ಉಳಿದವರು ಭೂಮಿ ಸುತ್ತಿ ಹಿಂತಿರುಗುವ ಹೊತ್ತಿಗೆ ಅವರ ಹಿಂದೆ ಸೇರಿಕೊಂಡು, ಸೋತವನಾಗಿ ಮನೆಗೆ ಬಂದುಬಿಡುವುದು ಅವನ ಲೆಕ್ಕ. ಸೋತವನ ಲೆಕ್ಕದ ಪುಸ್ತಕವನ್ನು ಯಾರೂ ತಿರುವಿ ನೋಡುವುದಿಲ್ಲವಲ್ಲ! ಆದರೆ ಅವನ ದುರ್ದೈವ, ಅವನು ಗೆಲ್ಲತೊಡಗಿದ. ಮುಂದಿದ್ದ ನೈಜೆಲ್ ಟೆಟ್ಲಿ ಎಂಬಾತ ಹಿಂದಿನಿಂದ ಇವನು ಬರುತ್ತಿದ್ದಾನೆಂಬ ಸುಳ್ಳನ್ನು ನಂಬಿ, ಜರ್ಝರಿತವಾದ ದೋಣಿಯನ್ನು ಓಡಿಸಿದ. 1969ರ ಮೇ ತಿಂಗಳಲ್ಲಿ ಅದು ಮುಳುಗಿತು. ಟೆಟ್ಲಿ ಬದುಕಿದ. 5,000 ಪೌಂಡಿನ ಬಹುಮಾನಕ್ಕೆ ಉಳಿದದ್ದು ಈಗ ಕ್ರೌಹರ್ಸ್ಟ್ ಒಬ್ಬನೇ. ಊರಿನಲ್ಲಿ ಸ್ವಾಗತದ ಸಿದ್ಧತೆ. ಜುಲೈ 1ರ ಬರಹದ ನಂತರ ಅವನ ಪುಸ್ತಕದಲ್ಲಿ ಏನೂ ಇಲ್ಲ. ಜುಲೈ 10ರಂದು ಒಂದು ಅಂಚೆ ಹಡಗಿನವರು ದೋಣಿಯನ್ನು ಕಂಡರು. ಒಳಗೆ ಯಾರೂ ಇರಲಿಲ್ಲ. ನಿಜವಾದ ಲೆಕ್ಕವೆಲ್ಲ ಬರೆದಿಟ್ಟದ್ದು ಇದ್ದಲ್ಲೇ ಇತ್ತು. ಸಿನಿಮಾದ ಹೆಸರಿನ ‘ಕರುಣೆ’ ಎಂಬ ಶಬ್ದ ಬಂದದ್ದು ಅದರ ಕೊನೆಯ ಪುಟಗಳಿಂದ.

ಈ ಕಥೆಗೂ ನಮಗೂ ಎಳೆಗಳಿವೆ. ಕ್ರೌಹರ್ಸ್ಟ್ ಹುಟ್ಟಿದ್ದು 1932ರಲ್ಲಿ, ಗಾಜಿಯಾಬಾದಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದವರು. ಸ್ವಾತಂತ್ರ್ಯ ಬಂದಾಗ ಸಂಸಾರ ಇಂಗ್ಲೆಂಡಿಗೆ ಹೋಯಿತು. ಕೂಡಿಟ್ಟ ಹಣವನ್ನು ಇಲ್ಲಿನ ಒಂದು ಆಟದ ಸಾಮಾನಿನ ಕಾರ್ಖಾನೆಗೆ ಹಾಕಿದ್ದರು. ದೇಶವಿಭಜನೆಯ ಗಲಭೆಯಲ್ಲಿ ಅದು ಸುಟ್ಟುಹೋಯಿತು. 1948ರಲ್ಲಿ ಅಪ್ಪ ತೀರಿಕೊಂಡರು. ಮನೆಯ ಹಣ ಒಂದು ಕನಸಿಗೆ ಸುರಿದು ಬೂದಿಯಾದದ್ದನ್ನು ಹದಿನೈದು ಹದಿನಾರರ ವಯಸ್ಸಿನಲ್ಲೇ ಕಂಡ ಹುಡುಗ ಅವನು. ಇನ್ನೊಂದು ಎಳೆ ಪಂದ್ಯ ಗೆದ್ದ ರಾಬಿನ್ ನಾಕ್ಸ್-ಜಾನ್ಸ್‌ಟನ್‌ನದು. ಅವನ ‘ಸುಹೇಲಿ’ ದೋಣಿ ಮುಂಬಯಿಯಲ್ಲಿ ನಮ್ಮ ಬಡಗಿಗಳು ಸಾಗವಾನಿಯಲ್ಲಿ ಕಟ್ಟಿದ್ದು. ಒಂಬತ್ತರಲ್ಲಿ ಗುರಿ ಮುಟ್ಟಿದ್ದು ಆ ಒಂದೇ. ಹೊಸ ಮಾದರಿಯ, ಹಗುರ ಪ್ಲೈವುಡ್ಡಿನ ದೋಣಿ ಸೋತು ಸಾಗವಾನಿ ಗೆದ್ದಿತೆಂದು ಕೇಳಿ ಅತ್ತೆಗೆ ಖುಷಿಯೋ ಖುಷಿ. ನಾಕ್ಸ್-ಜಾನ್ಸ್‌ಟನ್ ತನಗೆ ಬಂದ 5,000 ಪೌಂಡನ್ನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟ. ಕರುಣೆ ಎಂಬ ಮಾತು ಸಲ್ಲುವುದಿದ್ದರೆ ಇಲ್ಲಿಗೆ ಸಲ್ಲಬೇಕು.

ಈಗ ಸಿನಿಮಾದ ವಿಚಾರ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸಮುದ್ರವನ್ನು ಸಾಹಸದ ಅಖಾಡವಾಗಿ ತೋರಿಸುವ ಚಪಲ ಇದಕ್ಕಿಲ್ಲ. ಒದ್ದೆ ಬಟ್ಟೆ, ಸೋರುವ ದೋಣಿ, ಮತ್ತೆ ಮತ್ತೆ ನೀರು ಮೊಗೆಯುವ ಕೈ. ಸೋರುವ ಮಾಡಿನಡಿ ಪಾತ್ರೆ ಇಟ್ಟು ರಾತ್ರಿ ಕಳೆದ ನಮ್ಮಂಥವರಿಗೆ ಆ ಸುಸ್ತು ಯಾರೂ ವಿವರಿಸಬೇಕಾಗಿಲ್ಲ. ಕಥೆ ಆಗಾಗ ದಡಕ್ಕೆ ಬಂದು ಮನೆಯನ್ನು ತೋರಿಸುತ್ತದೆ. ಸಂಗೀತ ಯೋಹಾನ್ ಯೋಹಾನ್‌ಸನ್ ಅವರದು. ಸಿನಿಮಾ ಇಂಗ್ಲೆಂಡಿನಲ್ಲಿ ತೆರೆಕಂಡ ದಿನವೇ, 2018ರ ಫೆಬ್ರವರಿ 9ರಂದು, ಅವರು ತೀರಿಕೊಂಡರು. ಅದನ್ನು ತಿಳಿದ ಮೇಲೆ ಆ ಸ್ವರಗಳನ್ನು ಸುಮ್ಮನೆ ಕೇಳಲಾಗುವುದಿಲ್ಲ.

ನನ್ನ ತಕರಾರು ಶುರುವಾಗುವುದು ನಾಯಕನ ವಯಸ್ಸಿನಿಂದ. ನಿಜವಾದ ಕ್ರೌಹರ್ಸ್ಟ್ ಮೂವತ್ತಾರರ ಹುರುಪಿನ ಮನುಷ್ಯ. ಮಾತಿನಲ್ಲಿ ಮರುಳು ಮಾಡುವವನು. ಕಾಲಿನ್ ಫರ್ತ್ ಐವತ್ತು ದಾಟಿದವರು. ಅವರ ಮುಖದಲ್ಲಿ ಮೊದಲ ದೃಶ್ಯದಿಂದಲೇ ಒಂದು ದಣಿವು, ಒಂದು ಸಭ್ಯ ವಿಷಾದ. ಹಾಗಾಗಿ ನಮಗೆ ಅವನ ಮೇಲೆ ಸಿಟ್ಟು ಬರುವ ಅವಕಾಶವೇ ಇಲ್ಲ. ಪಾಪ, ಒಳ್ಳೆಯ ಮನುಷ್ಯ, ಸಾಹುಕಾರರು ಮತ್ತು ಪತ್ರಿಕೆಯವರು ಸೇರಿ ದೂಡಿದರು ಎನ್ನಿಸುತ್ತದೆ. ಸಿಟ್ಟೂ ಬರಬೇಕಾಗಿತ್ತು. ಹೆಂಡತಿ ಮಕ್ಕಳು ಮಲಗುವ ಮನೆಯನ್ನು ಕಾಗದದ ಮೇಲೆ ಬರೆದುಕೊಟ್ಟವನು ಅವನೇ ತಾನೆ? ಸಿಟ್ಟು ಬಂದು, ಆಮೇಲೂ ಕರುಣೆ ಉಳಿದರೆ ಅದಕ್ಕೊಂದು ತೂಕ. ಈ ಸಿನಿಮಾ ಕರುಣೆಯನ್ನು ಸುಲಭದ ಬೆಲೆಗೆ ಕೊಡುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಅದು ಹೊರಡುವ ಹಿಂದಿನ ರಾತ್ರಿಯ ಸಂಗತಿ.

1970ರಲ್ಲಿ ಅದೇ ಪತ್ರಿಕೆಯ ನಿಕೊಲಸ್ ಟೊಮಾಲಿನ್ ಮತ್ತು ರಾನ್ ಹಾಲ್ ಎಂಬಿಬ್ಬರು ಈ ಪ್ರಕರಣದ ಮೇಲೆ ಪುಸ್ತಕ ಬರೆದರು. ಮಗಳು ಅದನ್ನು ತರಿಸಿಕೊಟ್ಟಳು, ನಾನು ನಿಘಂಟು ಹಿಡಿದು ಓದಿದೆ. ಅದರ ಪ್ರಕಾರ ಆ ರಾತ್ರಿ ಗಂಡ ಹೆಂಡತಿ ಹಾಸಿಗೆಯಲ್ಲಿ ಎಚ್ಚರವಾಗಿದ್ದರು. ದೋಣಿ ಸರಿಯಾಗಿಲ್ಲ, ತಾನು ಸಿದ್ಧನಾಗಿಲ್ಲ ಎಂದು ಅವನು ಬಾಯಿಬಿಟ್ಟ. ಕ್ಲೇರ್ ಕೇಳಿದ್ದು ಒಂದೇ ಪ್ರಶ್ನೆ: ಈಗ ಬಿಟ್ಟುಬಿಟ್ಟರೆ ಜೀವಮಾನವಿಡೀ ಕೊರಗುತ್ತೀರಾ? ಅವನು ಉತ್ತರಿಸಲಿಲ್ಲ, ಅತ್ತ. ಬೆಳಗಿನವರೆಗೂ ಅತ್ತ. ತನ್ನಿಂದ ತಡೆಸಿಕೊಳ್ಳಲೆಂದೇ ಅವನು ಆ ಮಾತು ಎತ್ತಿದ್ದನೆಂದು ಆಕೆಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ತಾನೆಂಥ ಮೂರ್ಖಳಾದೆ ಎಂದು ಆಕೆ ಹಳಹಳಿಸಿದ್ದು ಅಲ್ಲಿ ದಾಖಲಾಗಿದೆ.

ಇದನ್ನು ನಾನು ಅತ್ತೆಗೆ ಹೇಳಿದೆ. ಅವರು ತಕ್ಷಣ ತೀರ್ಪು ಕೊಟ್ಟರು: “ಹೋಗಡಿ ಹೇಳಿ ಹೇಳಕಾಗಿತ್ತು.” ಹೋಗಬೇಡಿ ಅನ್ನಬೇಕಾಗಿತ್ತು ಅಂತ. ಸ್ವಲ್ಪ ಹೊತ್ತಿನ ಮೇಲೆ ಅವರೇ, ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ, ಹೇಳಿದ್ದರೆ ಜೀವಮಾನವಿಡೀ ಅದನ್ನೇ ಆಡಿ ತೋರಿಸುತ್ತಿದ್ದ ಎಂದರು. ಎಂಬತ್ತಾರು ವರ್ಷದ ಆ ಹೆಂಗಸು ಎರಡು ಮಾತಿನಲ್ಲಿ ಹೇಳಿದ್ದನ್ನು ಒಂದೂ ಮುಕ್ಕಾಲು ಗಂಟೆಯ ಸಿನಿಮಾ ಹೇಳಲು ಹಿಂಜರಿಯಿತು ಎಂಬುದೇ ನನ್ನ ದೂರು. ಹೆಂಡತಿ ತಡೆದರೆ ಕನಸು ಕೊಂದವಳು, ತಡೆಯದಿದ್ದರೆ ಗಂಡನನ್ನು ಕಳಿಸಿದವಳು. ಆ ಇಕ್ಕಟ್ಟಿನ ಮೇಲೆ ಕ್ಯಾಮೆರಾ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಾಗಿತ್ತು.

ಹೀಗೆ ಬೆರಳು ತೋರಿಸುವ ಮೊದಲು ನನ್ನದನ್ನೂ ಹೇಳಬೇಕು.

2002ರಲ್ಲಿ ನಮ್ಮ ಕಡೆ ವೆನಿಲಾ ಜ್ವರ ಬಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಬಂದು ಅಲ್ಲಿನ ಬೆಳೆ ಹೋಗಿತ್ತು. ಇಲ್ಲಿ ಹಸಿ ಕೋಡಿಗೆ ಕಿಲೋಕ್ಕೆ ಮೂರು ಸಾವಿರ ರೂಪಾಯಿ ಮುಟ್ಟಿತು. ಶಿರಸಿ ಪೇಟೆಯಲ್ಲಿ, ಮದುವೆಮನೆಯಲ್ಲಿ, ಶ್ರಾದ್ಧದ ಊಟದಲ್ಲಿ ಕೂಡ ಬೇರೆ ಮಾತಿಲ್ಲ. ಬಳ್ಳಿಯ ತುಂಡಿಗೇ ಬಂಗಾರದ ಬೆಲೆ. ಅಡಿಕೆಯ ದರ ಬಿದ್ದಿತ್ತು, ಮಗಳು ಹೈಸ್ಕೂಲಿಗೆ ಬಂದಿದ್ದಳು. ನಮ್ಮವರು ಕೆಳಗಿನ ತೋಟವನ್ನು ಅಡವಿಟ್ಟು ಸಾಲ ತರಲು ಹೊರಟರು.

ಕಾಗದಕ್ಕೆ ಸಹಿ ಹಾಕುವ ಹಿಂದಿನ ರಾತ್ರಿ ಅವರು ನನ್ನನ್ನು ಎಬ್ಬಿಸಿದರು. “ಎಂತ ಮಾಡನೇ?” ಎಂದು ಕೇಳಿದರು. ಅದುವರೆಗೆ ತೋಟದ ವಿಚಾರದಲ್ಲಿ ನನ್ನನ್ನು ಏನೂ ಕೇಳಿದವರಲ್ಲ. ಬಳ್ಳಿ ನೆಟ್ಟು ಹೂ ಬಿಡಲು ಮೂರು ವರ್ಷ ಬೇಕು, ಹೂವು ಕೋಡಾಗಿ ಕೊಯ್ಲಿಗೆ ಬರಲು ಮತ್ತೆ ಒಂಬತ್ತು ತಿಂಗಳು. ಅಷ್ಟು ದಿನ ದರ ಹೀಗೇ ನಿಂತೀತೇ ಎಂಬುದು ನನ್ನಂಥ ಹೈಸ್ಕೂಲು ಓದಿದವಳಿಗೂ ಹೊಳೆಯುವ ಲೆಕ್ಕ. ಹೊಳೆದಿತ್ತು ಕೂಡ. ಆದರೆ ನನ್ನ ಬಾಯಲ್ಲಿ ಬಂದದ್ದು, ನಿಮಗೆ ಸರಿ ಕಂಡಂತೆ ಮಾಡಿ ಎಂಬ ಮಾತು. ಅದನ್ನು ನಾನು ಒಳ್ಳೆಯ ಹೆಂಡತಿಯ ಮಾತು ಎಂದುಕೊಂಡಿದ್ದೆ. ಅದರಲ್ಲಿ ಒಂದಿಷ್ಟು ಹೊಣೆ ಜಾರಿಸಿಕೊಳ್ಳುವ ಉಪಾಯವೂ ಇತ್ತು ಎಂದು ಈಗ ಅನ್ನಿಸುತ್ತದೆ. ನಾಳೆ ಏನಾದರೂ ಆದರೆ, ನಾನೇನು ಮಾಡಿ ಅಂದಿರಲಿಲ್ಲವಲ್ಲ!

ಬಳ್ಳಿ ಚೆನ್ನಾಗಿಯೇ ಹಬ್ಬಿತು. 2005ರ ಬೇಸಿಗೆಯಲ್ಲಿ ಹೂ ಬಿಟ್ಟಿತು. ವೆನಿಲಾದ ಹೂವು ಅರಳುವುದು ಒಂದೇ ದಿನ. ಬಿಸಿಲೇರುವುದರೊಳಗೆ ಚೂಪು ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಾರೆ ಪರಾಗ ಮುಟ್ಟಿಸಬೇಕು. ಇಲ್ಲದಿದ್ದರೆ ಸಂಜೆಗೆ ಉದುರುತ್ತದೆ. ನಾನೂ ಮಗಳೂ ಚಾ ಕುಡಿಯದೆ ತೋಟಕ್ಕೆ ಓಡುತ್ತಿದ್ದೆವು. ಆ ಬೆಳಗುಗಳು ಸುಳ್ಳಲ್ಲ, ಚೆಂದವಾಗಿದ್ದವು. ಕೋಡು ಬಲಿಯುವ ಹೊತ್ತಿಗೆ ದರ ನೂರು ರೂಪಾಯಿಯ ಕೆಳಗೆ ಇಳಿದಿತ್ತು. ಆಮೇಲಾಮೇಲೆ ಕೇಳುವವರೇ ಇಲ್ಲ.

ಆಮೇಲೆ ನಡೆದದ್ದೇ ನನಗೆ ಈ ಸಿನಿಮಾವನ್ನು ಮರೆಯಗೊಡದ್ದು. ನಮ್ಮ ಮನೆಯಲ್ಲಿ ಒಂದು ಕೆಂಪು ರಟ್ಟಿನ ವಹಿ ಇದೆ. ಖರ್ಚುವೆಚ್ಚ ಎಲ್ಲ ಅದರಲ್ಲೇ. ಮೂರು ತಿಂಗಳಿಗೊಮ್ಮೆ ಅವರು ಅದರಲ್ಲಿ ‘ಸಾಲದ ಕಂತು ತುಂಬಿದ್ದು’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ನಾನು ಓದಿ ನೆಮ್ಮದಿಯಿಂದ ಇದ್ದೆ. ಒಂದು ದಿನ ಅವರು ಬನವಾಸಿಗೆ ಹೋದಾಗ ಟಪಾಲಿನಲ್ಲಿ ನೋಟೀಸು ಬಂತು. ಒಂದು ಕಂತೂ ಸಂದಿರಲಿಲ್ಲ. ಮದುವೆಮನೆಗಳಲ್ಲಿ ಮಾತ್ರ ಅವರು, ದರ ಮತ್ತೆ ಏರುತ್ತದೆ, ನಾನಂತೂ ಬಳ್ಳಿ ಕೀಳುವವನಲ್ಲ ಎಂದು ನಗುನಗುತ್ತಾ ಹೇಳುತ್ತಿದ್ದರು. ಸುಳ್ಳು ಹೇಳುವುದು ಎಷ್ಟು ದುಡಿಮೆಯ ಕೆಲಸ ಎಂದು ಕ್ರೌಹರ್ಸ್ಟ್‌ನ ಕಥೆ ತಿಳಿಸುತ್ತದೆ. ಹೋಗದ ಜಾಗದ ಅಕ್ಷಾಂಶ ರೇಖಾಂಶಗಳನ್ನು, ಅಲ್ಲಿನ ಸೂರ್ಯನ ಎತ್ತರವನ್ನು ಲೆಕ್ಕ ಹಾಕಿ ಹುಟ್ಟಿಸುವುದು ನಿಜವಾಗಿ ಹೋಗಿ ಅಳೆಯುವುದಕ್ಕಿಂತ ಕಷ್ಟವಂತೆ. ಕಟ್ಟದ ಕಂತಿನ ಹಣ ವಹಿಯ ಮೊತ್ತದಲ್ಲಿ ಸರಿಹೊಂದುವಂತೆ ನಮ್ಮವರು ಎಷ್ಟು ರಾತ್ರಿ ಕೂಡಿ ಕಳೆದಿರಬಹುದು ಎಂದು ಆ ದೃಶ್ಯ ನೋಡುವಾಗ ಎಣಿಸಿದೆ.

ಆ ನೋಟೀಸಿನ ದಿನ ಅವರು ಕತ್ತಲಾದರೂ ಮನೆಗೆ ಬರಲಿಲ್ಲ. ನಾನು ಟಾರ್ಚು ಹಿಡಿದು ಹೊರಟೆ. ಕೆರೆಯ ಏರಿಯ ಮೇಲೆ ಕುಳಿತಿದ್ದರು. ಈಜು ಬಾರದವಳು ನೀರಿನ ಅಂಚಿಗೆ ಹೇಗೆ ಹೋದೆನೋ, ಗೊತ್ತಿಲ್ಲ. ಬೈಯಬೇಕೆಂದು ಕಟ್ಟಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಅದೂ ಗೊತ್ತಿಲ್ಲ. ಊಟಕ್ಕೆ ಏಳಿ, ಅತ್ತೆ ಕಾಯುತ್ತಿದ್ದಾರೆ ಎಂದೆ. ಎದ್ದು ಬಂದರು. ಕೆಳಗಿನ ತೋಟ ಹೋಯಿತು, ನನ್ನ ಬಳೆ ಹೋದವು, ಸಾಲ ತೀರಿತು.

ಕ್ಲೇರ್‌ಗೆ ಹೋಗಲು ಏರಿಯೇ ಇರಲಿಲ್ಲ. ಕ್ರಿಸ್‌ಮಸ್‌ನ ಹಿಂದಿನ ದಿನ ರೇಡಿಯೋ ಫೋನಿನಲ್ಲಿ ಗಂಡನ ದನಿ ಕೇಳಿದ್ದಳು. ಕೇಪ್‌ಟೌನಿನ ಹತ್ತಿರ ಇದ್ದೇನೆ ಎಂದ. ಇದ್ದದ್ದು ಬ್ರೆಜಿಲ್ಲಿನ ಕಡೆ. ಹೆಂಡತಿಗೂ ಸುಳ್ಳು ಹೇಳಲೇಬೇಕಾದ ಗಳಿಗೆ ಅದು. ಸಮುದ್ರದ ಮೇಲಿನ ಒಂಟಿತನಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಆ ಫೋನಿನ ಎರಡು ತುದಿಗಳು.

ಸಿನಿಮಾದ ಕೊನೆಯಲ್ಲಿ ಮನೆ ಬಾಗಿಲಿಗೆ ಮುತ್ತಿದ ಪತ್ರಿಕೆಯವರ ಎದುರು ಕ್ಲೇರ್ ಮಾತಾಡುತ್ತಾಳೆ. ಮೊನ್ನೆ ಅವನನ್ನು ಹೊಗಳಿ ಮಾರಿದವರು ನೀವೇ, ಈಗ ದೂರಿ ಮಾರುತ್ತೀರಿ, ನಾಳೆ ನಿಮಗೆ ಬೇರೆ ಸರಕು ಸಿಗುತ್ತದೆ, ನನ್ನ ಮಕ್ಕಳಿಗೆ ಮಾತ್ರ ಅಪ್ಪ ಇಲ್ಲ ಎಂಬ ಅರ್ಥದ ಮಾತು. ರೇಚಲ್ ವೈಸ್ ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ ಮಗಳು ಕಣ್ಣೊರೆಸಿಕೊಂಡಳು. ನನಗೂ ಗಂಟಲು ಕಟ್ಟಿತು. ಆದರೂ ಮರುದಿನ ಪಾತ್ರೆ ತೊಳೆಯುವಾಗ ಅನ್ನಿಸಿತು, ಇದು ಹೊರಗಿನವರಿಗೆ ಹೇಳಿದ ಮಾತು. ಗಂಡನಿಗೆ ಅವಳು ಹೇಳಬೇಕಾದದ್ದು ಏನು? ತನಗೆ ತಾನೇ ಹೇಳಿಕೊಂಡದ್ದು ಏನು? ಅದು ಸಿನಿಮಾದಲ್ಲಿಲ್ಲ. ಪತ್ರಿಕೆಯವರನ್ನು ತಪ್ಪಿತಸ್ಥರ ಕಟಕಟೆಯಲ್ಲಿ ನಿಲ್ಲಿಸಿ ಮನೆಯೊಳಗಿನ ಲೆಕ್ಕವನ್ನು ಮುಚ್ಚಿಬಿಟ್ಟರು. ಇದೇ ಪ್ರಕರಣದ ಮೇಲೆ 2006ರಲ್ಲಿ ಬಂದ ‘ಡೀಪ್ ವಾಟರ್’ ಎಂಬ ಸಾಕ್ಷ್ಯಚಿತ್ರದಲ್ಲಿ ನಿಜವಾದ ಕ್ಲೇರ್ ಇದ್ದಾರೆ. ವಯಸ್ಸಾಗಿದೆ. ಜೋರು ಮಾತಿಲ್ಲ. ಮಾತು ಮತ್ತು ಮಾತಿನ ನಡುವೆ ಆಕೆ ತಡೆಯುವ ಉಸಿರು ಆ ಭಾಷಣಕ್ಕಿಂತ ಹೆಚ್ಚು ಹೇಳುತ್ತದೆ. ನಿಮಗೆ ಒಂದನ್ನೇ ನೋಡುವ ಪುರಸೊತ್ತಿದ್ದರೆ ಅದನ್ನು ನೋಡಿ. ಎರಡಕ್ಕೂ ಇದ್ದರೆ ಮೊದಲು ‘ದಿ ಮರ್ಸಿ’, ಆಮೇಲೆ ಅದು.

‘ದಿ ಮರ್ಸಿ’ ಬಂದ ವರ್ಷವೇ, 2018ರ ಡಿಸೆಂಬರಿನಲ್ಲಿ, ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ನಮ್ಮ ಜಿಲ್ಲೆಯ ಕರಾವಳಿಯವರೂ ಅದರಲ್ಲಿದ್ದರು. ಬೋಟಿನ ಅವಶೇಷವನ್ನು ನೌಕಾಪಡೆ ಮಾಲ್ವಣದ ಬಳಿ ಪತ್ತೆ ಹಚ್ಚಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳ ಹೆಂಗಸರು ಹಣೆಗೆ ಕುಂಕುಮ ಇಡುವಾಗ ಏನೆಂದುಕೊಂಡಿರಬಹುದು? ಅವರ ಗಂಡಂದಿರು ಹೋದದ್ದು ಹೆಸರಿಗಲ್ಲ, ಗಂಜಿಗೆ. ಹೋಗಬೇಡಿ ಎನ್ನುವ ರಾತ್ರಿಯೂ ಅವರಿಗೆ ಇಲ್ಲ. ಅವರ ಮೇಲೆ ಯಾರಾದರೂ ಸಿನಿಮಾ ಮಾಡಿಯಾರೇ ಎಂದು ಕಾಯುತ್ತಿದ್ದೇನೆ.

ಮಗಳು ಇದಕ್ಕೆಲ್ಲ ಒಪ್ಪುವುದಿಲ್ಲ. ದಡದಲ್ಲಿ ಕಾಯುವವಳು ಹೆಂಗಸೇ ಯಾಕಾಗಬೇಕು ಎಂದು ಅವಳ ಪ್ರಶ್ನೆ. ಹಳೆಯ ಆ ಪಂದ್ಯವನ್ನು 2018ರಲ್ಲಿ ಮತ್ತೆ ಶುರುಮಾಡಿದ್ದರು. ಆ ಸಲ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ, ಗೋವಾದಲ್ಲಿ ‘ಸುಹೇಲಿ’ಯ ಮಾದರಿಯಲ್ಲೇ ಕಟ್ಟಿದ ದೋಣಿಯಲ್ಲಿ ಹೋಗಿ, ಹಾಯಿಕಂಬ ಮುರಿದು ಬೆನ್ನು ಮುರಿದುಕೊಂಡು ಬದುಕಿ ಬಂದರು. 2022ರಲ್ಲಿ ಮತ್ತೆ ಹೋಗಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ಮೊದಲನೆಯವರು ಯಾರು ಗೊತ್ತೇ? ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್ಶೇಫರ್, ಹೆಂಗಸು! ದಾರಿಯಲ್ಲಿ ದೋಣಿ ಮುಳುಗಿದ ಎದುರಾಳಿಯೊಬ್ಬನನ್ನು ಎತ್ತಿ ಉಳಿಸಿ, ಆಮೇಲೂ ಗೆದ್ದವರು. ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು ‘ತಾರಿಣಿ’ಯಲ್ಲಿ 2017–18ರಲ್ಲಿ ಭೂಮಿ ಸುತ್ತಿದ್ದಾರೆ. ಇಷ್ಟನ್ನೂ ಹೇಳಿ ಮಗಳು ಗೆದ್ದ ನಗೆ ನಕ್ಕಳು. ನಾನು ಒಪ್ಪಿದೆ. ಅವರ ಮನೆಯವರು ಹಿಂದಿನ ರಾತ್ರಿ ಏನು ಮಾತಾಡಿಕೊಂಡಿರಬಹುದು ಎಂಬ ಕುತೂಹಲ ಮಾತ್ರ ನನಗೆ ಹೋಗಲಿಲ್ಲ.

ಮಗಳು ಬೆಂಗಳೂರಿಗೆ ಮರಳುವ ಮುಂಚಿನ ರಾತ್ರಿ ನಮ್ಮವರು ತಾವಾಗಿಯೇ ಬಂದು, ಆ ಸಿನಿಮಾ ಹಾಕು ಎಂದರು. ಪೂರ್ತಿ ನೋಡಿದರು. ನಡುವೆ ಒಂದು ಸಲವೂ ಏಳಲಿಲ್ಲ, ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಮಗಳನ್ನು ಕೇಳಿದ್ದು, “ಆ ದೋಣಿ ಈಗ ಎಲ್ಲಿದ್ದು?”

ಕೆರಿಬಿಯನ್ ಸಮುದ್ರದ ಕೇಮನ್ ಬ್ರ್ಯಾಕ್ ಎಂಬ ದ್ವೀಪದ ದಡದಲ್ಲಿ ವರ್ಷಗಟ್ಟಲೆ ಬಿದ್ದು ಮುರಿದು ಹಾಳಾಯಿತು ಎಂದು ಮಗಳು ಹೇಳಿದಳು. ಅವರು ತಲೆಯಾಡಿಸಿದರು.

ಮಗಳು ಮಲಗಲು ಹೋದ ಮೇಲೆ, ಇಷ್ಟು ವರ್ಷ ಕೇಳದ್ದನ್ನು ನಾನು ಕೇಳಿಬಿಟ್ಟೆ. ಆ ರಾತ್ರಿ ನಾನು ಬೇಡ ಅಂದಿದ್ದರೆ ನೀವು ಬಿಡುತ್ತಿದ್ದಿರಾ ಎಂದು. ಅವರು ಬಹಳ ಹೊತ್ತು ಯೋಚಿಸಿದರು. ಹೊರಗೆ ಮಳೆ ಸ್ವಲ್ಪ ಹಿಡಿದಿತ್ತು, ಕೆರೆಯ ಕಡೆಯಿಂದ ಕಪ್ಪೆಗಳ ಕೂಗು ಕೇಳುತ್ತಿತ್ತು.

“ಗೊತ್ತಿಲ್ಲೆ” ಎಂದರು.

ಆಮೇಲೆ ಎದ್ದು, ಮಳೆ ಹೊಳವಾದರೆ ನಾಳೆ ಕೊಳೆಮದ್ದು ಹೊಡೆಯಲು ಕೊನೆಗೌಡ ಬರುತ್ತಾನೋ ಇಲ್ಲವೋ ಎಂದು ಕೇಳಲು ಫೋನು ಹುಡುಕತೊಡಗಿದರು.